ಮೊದಲ ಕೆಂಡದ ಮಾನ

ಲಗಮಣ್ಣನಿಗೆ ದೇವರು ಕೊಟ್ಟದ್ದು ಕಡಿಮೆ. ಮಳೆ ಬಂದರೆ ಬೆಳೆಯುವ, ಬರದಿದ್ದರೆ ಸುಮ್ಮನಿರುವ ಒಂದಿಷ್ಟು ಮಡ್ಡಿ ಹೊಲ, ಒಂದು ಜೋಡಿ ಎತ್ತು, ತಲೆ ತಗ್ಗಿಸಿ ಹೋಗಬೇಕಾದ ಬಾಗಿಲಿನ ಮನೆ, ತಲೆ ತಗ್ಗಿಸದ ಹೆಂಡತಿ. ಇದರಲ್ಲಿ ಯಾವುದನ್ನು ಹಿಡಿದುಕೊಂಡೂ ಎದೆ ಉಬ್ಬಿಸಿ ತಿರುಗಲು ಬರುವಂತಿರಲಿಲ್ಲ. ಆದರೂ ಅವನ ಎದೆ ಉಬ್ಬಿಯೇ ಇರುತ್ತಿತ್ತು. ಕಾರಣ ಇಷ್ಟೇ: ವರ್ಷಕ್ಕೊಮ್ಮೆ ಗುಡ್ಡಕ್ಕೆ ಬೆಂಕಿ ಹಚ್ಚುವ ಮಾನ ಅವನ ಮನೆತನದ್ದಾಗಿತ್ತು.

ಈ ಮಾನ ಏನೆಂದು ಹೊರಗಿನವರಿಗೆ ಬಿಡಿಸಿ ಹೇಳಬೇಕು. ಹುಕ್ಕೇರಿಯಿಂದ ಗೋಕಾಕದ ಕಡೆಗೆ ಹೋಗುವ ಬಸ್ಸು ಯಾವ ಊರಿನ ಹತ್ತಿರ ನಿಲ್ಲಲೋ ಬೇಡವೋ ಎಂದು ಯೋಚಿಸಿ, ಕೊನೆಗೆ ಸ್ವಲ್ಪ ಮುಂದೆ ಹೋಗಿ ನಿಲ್ಲುತ್ತದೆಯೋ ಆ ಊರು ಮಡ್ಡೀಹಾಳ. ಊರಿನ ಬೆನ್ನಿಗೆ ಉದ್ದನೆಯ ಕಲ್ಲುಗುಡ್ಡ. ಮಳೆಗಾಲದಲ್ಲಿ ಅದರ ಮೇಲೆ ಹುಲ್ಲು ಏಳುತ್ತದೆ, ದೀಪಾವಳಿ ದಾಟಿದರೆ ಒಣಗುತ್ತದೆ, ಶಿವರಾತ್ರಿಯ ಹೊತ್ತಿಗೆ ದನ ಮೂಸಿಯೂ ನೋಡದಂಥ ಕಡ್ಡಿಯಾಗುತ್ತದೆ. ಹೋಳಿ ಹುಣ್ಣಿಮೆಗೆ ಕಾಮಣ್ಣನನ್ನು ಸುಟ್ಟು, ಆ ಬೂದಿಯೊಳಗಿನ ಕೆಂಡವನ್ನು ಮನೆಗೆ ಒಯ್ದು ಒಲೆ ಹೊತ್ತಿಸುವುದು, ಕಡಲೆ ಸುಟ್ಟು ತಿನ್ನುವುದು ಈ ಸೀಮೆಯ ಎಲ್ಲ ಊರಲ್ಲೂ ಇದ್ದದ್ದೇ. ಮಡ್ಡೀಹಾಳದಲ್ಲಿ ಮಾತ್ರ ಮೊದಲ ಕೆಂಡ ಒಲೆಗೆ ಹೋಗುವಂತಿಲ್ಲ, ಅದು ಗುಡ್ಡಕ್ಕೆ ಹೋಗಬೇಕು. ಲಗಮಣ್ಣನ ಮನೆಯ ಹಿರಿಯನು ತಲೆಗೆ ಕೆಂಪು ಪಟಗಾ ಸುತ್ತಿ, ಒಡೆದ ಗಡಿಗೆಯ ಬೋಕಿಯಲ್ಲಿ ಕೆಂಡ ಹಿಡಿದು, ಮುಂದೆ ಹಲಗಿ ಬಾರಿಸಿಕೊಂಡು, ಸೂರ್ಯ ಹುಟ್ಟುವ ಮೊದಲು ಗುಡ್ಡದ ಬುಡಕ್ಕೆ ಹೋಗಿ ಒಣಹುಲ್ಲಿಗೆ ಮುಟ್ಟಿಸಬೇಕು. ಆ ಹೊತ್ತಿನಲ್ಲಿ ಗಾಳಿ ಮಲಗಿರುತ್ತದೆ, ಹುಲ್ಲಿನ ಮೇಲೆ ಇಬ್ಬನಿಯ ತೇವ ಇರುತ್ತದೆ, ಬೆಂಕಿ ಹೇಳಿದ ಮಾತು ಕೇಳುತ್ತದೆ. ಹಳೆಯ ಹುಲ್ಲು ಸುಟ್ಟ ಜಾಗದಲ್ಲಿ ಮೊದಲ ಅಡ್ಡಮಳೆಗೆ ಎಳೆಹುಲ್ಲು ಚಿಗುರಿದರೆ ಊರ ದನಕರು ಬದುಕಿದವು.

ಇಷ್ಟೇ ಆಗಿದ್ದರೆ ಗುಡ್ಡದ ಜೊತೆಗೆ ಊರೂ ಎಂದೋ ಸುಟ್ಟುಹೋಗಿರುತ್ತಿತ್ತು. ಕೆಂಡ ಹಿಡಿದವನ ಹಿಂದೆ ಕೆಳಗಿನ ಓಣಿಯವರು ಹಸಿ ಲಕ್ಕಿಗಿಡದ ಟೊಂಗೆ ಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ಈ ವರ್ಷ ಇಷ್ಟು, ಮುಂದಿನ ವರ್ಷ ಅಷ್ಟು ಎಂದು ಗೆರೆ ಗೊತ್ತುಮಾಡಿದ ಮೇಲೆ, ಬೆಂಕಿ ಆ ಗೆರೆ ದಾಟದಂತೆ ಬಡಿದು ಆರಿಸುವುದು ಅವರ ಪಾಲು. ಹಚ್ಚುವುದಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತು, ಆರಿಸುವುದಕ್ಕೆ ಮಧ್ಯಾಹ್ನದವರೆಗೆ. ಆದರೆ ಹಚ್ಚುವುದು ಮಾನವಾಯಿತು, ಆರಿಸುವುದು ಬರೀ ಕೆಲಸವಾಯಿತು. ಹಚ್ಚಿದವನಿಗೆ ಹಲಗಿ, ಪಟಗಾ, ತೆಂಗಿನಕಾಯಿ. ಆರಿಸಿದವರಿಗೆ ಅಂಗೈ ತುಂಬ ಬೊಬ್ಬೆ. ಲೋಕವೆಲ್ಲ ಹೀಗೇ ನಡೆಯುವಾಗ ಮಡ್ಡೀಹಾಳವೊಂದನ್ನೇ ಬೈಯುವುದು ಸರಿಯಲ್ಲ.

ಲಗಮಣ್ಣನ ಹೆಂಡತಿ ತಾಯವ್ವ ಮೂಡಲಗಿ ಕಡೆಯ ಕಾಲುವೆ ನೀರಿನ ಊರಿನವಳು. ಕಬ್ಬು ಬೆಳೆಯುವ ಮನೆಯ ಮಗಳನ್ನು ಕಲ್ಲುಗುಡ್ಡದ ಊರಿಗೆ ಯಾಕೆ ಕೊಟ್ಟರೆಂದರೆ, "ಮಾನದ ಮನೆತನ" ಎಂದು ನಡುವಿನವರು ಹೇಳಿದ್ದರು. ಮಾನ ಎಂದರೆ ಏನೋ ಇನಾಮು ಭೂಮಿ ಇರಬೇಕೆಂದು ಅವಳ ಅಪ್ಪ ತಿಳಿದ. ಮದುವೆಯಾಗಿ ಮೊದಲ ಹೋಳಿಯಲ್ಲಿ ಗಂಡ ಪಟಗಾ ಸುತ್ತಿ ಬೋಕಿ ಹಿಡಿದು ಹೊರಟದ್ದನ್ನು ಹೊಸ ಸೊಸೆ ಬಾಗಿಲಲ್ಲಿ ನಿಂತು ನೋಡಿದಳು. ಅತ್ತೆ ಸತ್ತು ಬಾಯಿಗೆ ಬಿಡುಗಡೆಯಾದ ಮೇಲೆ ಪ್ರತಿ ವರ್ಷ ಒಂದೇ ಮಾತು ಹೇಳುತ್ತ ಬಂದಳು.

"ನಮ್ಮ ತವರಾಗ ಕಬ್ಬು ಕಡದ ಮ್ಯಾಲ ಉಳಿಯೋ ಒಣ ರವದಿಗೆ ದನಾ ಕಾಯೋರೂ ಬೆಂಕಿ ಹಚ್ಚತಾರ. ಒಬ್ಬರೂ ಪಟಗಾ ಸುತ್ತಂಗಿಲ್ಲ."

"ರವದಿ ಬ್ಯಾರೆ, ಗುಡ್ಡ ಬ್ಯಾರೆ. ನಿನಗ ತಿಳಿಯಂಗಿಲ್ಲ," ಎನ್ನುತ್ತಿದ್ದ ಲಗಮಣ್ಣ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಬೇಕು ಎನ್ನುವವರನ್ನು ನೋಡಿ ಊರವರು ನಗಬಹುದು, ಆದರೆ ಆ ಹೂವು ಮುಡಿದವನಿಗೆ ಅದರ ವಾಸನೆ ದಿನವಿಡೀ ಬರುತ್ತಿರುತ್ತದೆ.

ಈ ಹೂವಿನ ಮೇಲೆ ಕಣ್ಣಿಟ್ಟವನು ಕೆಳಗಿನ ಓಣಿಯ ಅಲ್ಲಪ್ಪ. ಅವನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಟೊಂಗೆ ಹಿಡಿದು ಬೆಂಕಿ ಬಡಿದವರೇ. ಅಲ್ಲಪ್ಪನೂ ಮೀಸೆ ಮೂಡುವ ಮೊದಲೇ ಬಡಿಯಲು ಕಲಿತಿದ್ದ. ಆದರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರು ಮನೆ ಮುಂದೆ ಬಂದು ನಿಂತ ಮೇಲೆ ಅವನಿಗೆ ಹಳೆಯದೆಲ್ಲ ಬೇರೆ ರೀತಿ ನೆನಪಾಗತೊಡಗಿತು. "ಈ ಊರಿಗೆ ಮೊದಲ ಬಂದಾಂವ ನಮ್ಮ ಮುತ್ತ್ಯಾ. ಕೆಂಡದ ಮಾನ ನಮ್ಮದು. ನಡುವ ಅವರು ಕಸಗೊಂಡ್ರು," ಎಂದು ಚಹಾದಂಗಡಿಯಲ್ಲಿ ಹೇಳಿದ. ಆ ಮಾತು ಲಗಮಣ್ಣನಿದ್ದ ಮೇಲಿನ ಓಣಿಗೆ ಬರುವಷ್ಟರಲ್ಲಿ ಬೈಗುಳವಾಗಿತ್ತು. ಅಂದಿನಿಂದ ಪ್ರತಿ ಹೋಳಿಗೆ ಬಣ್ಣ ಎರಚುವವರಿಗಿಂತ ಅಂಗಿ ಹರಿಯುವವರೇ ಹೆಚ್ಚಾದರು.

ತೊಂಬತ್ತರ ದಶಕದ ನಡುವಿನಲ್ಲಿ ಗುಡ್ಡಕ್ಕೆ ಒಳ್ಳೆಯ ದಿನ ಬಂದವು. ಅರಣ್ಯ ಇಲಾಖೆಯವರು ಬಂದು ಬುಡದಲ್ಲಿ ಬೋರ್ಡು ನೆಟ್ಟರು, ಬೋರ್ಡಿನ ಹಿಂದೆ ಸಸಿ ನೆಟ್ಟರು. ಅರಭಾವಿ ಕಾಲೇಜಿನ ಹುಡುಗರು ಲಾರಿಯಲ್ಲಿ ಬಂದು ಹಾಡು ಹೇಳುತ್ತ ಗುಂಡಿ ತೋಡಿ ಹೋದರು. ಇನ್ನು ಮೇಲೆ ಗುಡ್ಡದ ಮೇಲೆ ಬೀಡಿ ಸಹ ಸೇದುವಂತಿಲ್ಲವೆಂದು ಸಾರಿದರು. ಕಾವಲಿಗೆ ಶಿದ್ರಾಮ ಎಂಬ ಗಾರ್ಡು ಬಂದ. ಅವನು ಕೆಟ್ಟವನಲ್ಲ. ಮೊದಲ ಹೋಳಿಯಲ್ಲೇ ಲಗಮಣ್ಣ ಗುಡ್ಡದ ಬುಡದಲ್ಲಿ ಕುಳಿತು, ಕೆಂಡ ಮುಟ್ಟಿಸದೆ ಏಳುವುದಿಲ್ಲವೆಂದು ಹಟ ಹಿಡಿದಾಗ ಒಂದು ಮಧ್ಯದ ದಾರಿ ಹುಡುಕಿಕೊಟ್ಟ.

"ಕಾಕಾ, ನಿಮ್ಮ ಮಾನಾನೂ ಉಳೀಲಿ, ನನ್ನ ನೌಕರೀನೂ ಉಳೀಲಿ. ಇಲ್ಲೊಂದು ಹಾಸಗಲ್ಲ ಐತಿ. ಮನಿಯಿಂದ ಒಂದ ಮುಷ್ಟಿ ಹುಲ್ಲ ತರ್ರಿ. ಕಲ್ಲಿನ ಮ್ಯಾಲ ಇಟ್ಟು ಕೆಂಡಾ ಮುಟ್ಟಸ್ರಿ. ನಾ ಬಾಜೂಕ ನೀರಿನ ಕೊಡಾ ಹಿಡಕೊಂಡ ನಿಂತಿರ್ತೇನಿ."

ಹೀಗೆ ಗುಡ್ಡ ಸುಡುವ ಮಾನ ಮುಷ್ಟಿ ಹುಲ್ಲು ಸುಡುವ ಮಾನವಾಯಿತು. ಹಲಗಿ ಅದೇ, ಪಟಗಾ ಅದೇ, ತೆಂಗಿನಕಾಯಿ ಅದೇ. ಹುಲ್ಲು ಉರಿದು ಬೂದಿಯಾದ ಕೂಡಲೇ ಶಿದ್ರಾಮ ಕೊಡ ಸುರುವುತ್ತಿದ್ದ, ಎಲ್ಲರೂ ಕೈ ಮುಗಿದು ಮನೆಗೆ ಹೋಗುತ್ತಿದ್ದರು. ಟೊಂಗೆ ಹಿಡಿಯುವವರ ಅಗತ್ಯವೇ ಇರಲಿಲ್ಲವಾದ್ದರಿಂದ ಅವರು ಬರುವುದನ್ನು ಬಿಟ್ಟರು. ಜಗಳ ಮಾತ್ರ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ಒಂದು ವರ್ಷ ಆ ಮುಷ್ಟಿ ಹುಲ್ಲಿನ ಸಲುವಾಗಿ ಎರಡು ಓಣಿಯವರೂ ಪೊಲೀಸ್ ಠಾಣೆಯ ಕಟ್ಟೆಯ ಮೇಲೆ ಹಗಲಿಡೀ ಕುಳಿತು ಬಂದರು.

ಗುಡ್ಡ ಇವರನ್ನು ನೋಡುತ್ತ ಸುಮ್ಮನೆ ಬೆಳೆಯಿತು. ಹುಲ್ಲಿನ ಮೇಲೆ ಹುಲ್ಲು ಬಿದ್ದು ಒಣಗಿತು. ಸಸಿಗಳ ನಡುವೆ ಯಾರೂ ನೆಡದ ಲಂಟಾನ ಪೊದೆ ಆಳೆತ್ತರ ಎದ್ದಿತು.

ಎರಡು ಸಾವಿರದ ಮೂರನೆಯ ಇಸವಿಯ ಬೇಸಿಗೆಯಲ್ಲಿ, ಮೇಲಿಂದ ಮೇಲೆ ಮಳೆ ಕೈಕೊಟ್ಟು, ಗುಡ್ಡದ ಬುಡದಲ್ಲಿರುವ ಹಿರೇಹೊಂಡ ಬತ್ತಿತು. ಅದು ಯಾರೂ ಕಟ್ಟಿಸಿದ ಕೆರೆಯಲ್ಲ. ಕಲ್ಲಿನ ತಗ್ಗಿನಲ್ಲಿ ತಾನಾಗಿ ಆದದ್ದು. ಅದರ ಕೆಸರಿಗೆ ಕಬ್ಬಿಣದ ಕೊಳವೆ ಇಳಿಸಲು ಯಮಕನಮರಡಿಯಿಂದ ಒಬ್ಬ ಹುಡುಗಿ ಬಂದಳು. ಶುಭಾಂಗಿ ಎಂದು ಹೆಸರು, ಹೆದ್ದಾರಿ ಬದಿಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟ ಆದಿನಾಥ ಅಣ್ಣನ ಮಗಳು, ಪುಣೆಯಲ್ಲಿ ಸಂಶೋಧನೆ ಮಾಡುತ್ತಿದ್ದಳು. ಆದಿನಾಥ ಅಣ್ಣನನ್ನು ಲಗಮಣ್ಣ ಬಲ್ಲ. "ಗುಡ್ಡಾ ಸುಟ್ರ ಎಷ್ಟ ಜೀವಾ ಸಾಯ್ತಾವು ವಿಚಾರ ಮಾಡೀಯೇನೋ," ಎಂದು ಕೇಳುತ್ತಲೇ ಹುಳ ಸಾಯಿಸುವ ಎಣ್ಣೆಯ ಬಾಟಲಿಯನ್ನು ಕಾಗದದಲ್ಲಿ ಸುತ್ತಿ ಕೊಡುವ ಧರ್ಮಿಷ್ಠ.

ಹುಡುಗಿ ಕೊಳವೆಯಿಂದ ತೆಗೆದ ಮಣ್ಣಿನ ಕಂಬವನ್ನು ಉದ್ದಕ್ಕೆ ಮಲಗಿಸಿ ಸೀಳಿದಳು. ಅದರಲ್ಲಿ ಒಂದರ ಮೇಲೊಂದು ಪದರ, ಕೆಲವು ಬೂದು, ಕೆಲವು ಕೆಂಪು, ನಡುನಡುವೆ ಕಪ್ಪು. ನೋಡಲು ಬಂದು ನಿಂತಿದ್ದ ಲಗಮಣ್ಣ ಕಪ್ಪನ್ನು ತೋರಿಸಿ ಏನೆಂದು ಕೇಳಿದ.

"ಇದ್ದಲಿ ಕಾಕಾ. ಗುಡ್ಡ ಸುಟ್ಟಾಗೊಮ್ಮೆ ಮಳಿ ನೀರಾಗ ಹರಕೊಂಡ ಬಂದು ಕೆಳಗ ಕುಂತಿರತೈತಿ. ಸಾವಿರಾರು ವರ್ಷದ್ದು ಇದರಾಗ ಐತಿ. ಯಾವಾಗ ಸುಟ್ಟಿತ್ತು, ಯಾಕ ಸುಟ್ಟಿತ್ತು ಅಂತ ಓದಬಹುದು."

ಲಗಮಣ್ಣನ ಮೈಯಲ್ಲಿ ಮಿಂಚು ಹರಿಯಿತು. ಸಾವಿರಾರು ವರ್ಷ ಗುಡ್ಡ ಸುಟ್ಟಿದೆ. ಗುಡ್ಡ ಸುಡುವವರು ತನ್ನ ಮನೆಯವರು. ಅಂದರೆ ಈ ಕಪ್ಪಿನಲ್ಲಿ ಕುಳಿತಿರುವುದು ತನ್ನ ಅಜ್ಜಂದಿರ ಕೈಕೆಲಸ. ಕೋರ್ಟಿಗೆ ಹೋದರೂ ಸಿಗದ ಸಾಕ್ಷಿ ಹೊಂಡದ ತಳದಲ್ಲಿ ಬಿದ್ದುಕೊಂಡಿತ್ತು. ಅಂದಿನಿಂದ ಹುಡುಗಿ ಕೆಲಸ ಮುಗಿಸಿ ಹೋಗುವವರೆಗೂ ಅವಳಿಗೆ ಮಜ್ಜಿಗೆ ಅವನ ಮನೆಯಿಂದಲೇ ಹೋಯಿತು. ತಾಯವ್ವ ಕೊಟ್ಟು ಕಳಿಸುವಾಗ, "ಇದ್ದಲಿ ಹೇಳೋ ಶಾಸ್ತ್ರಕ್ಕ ಮಜ್ಜಿಗಿ ದಕ್ಷಿಣಿ," ಎಂದಳು.

ಚಳಿಗಾಲ ಮುಗಿಯುವ ಹೊತ್ತಿಗೆ ಶುಭಾಂಗಿ ಮಣ್ಣನ್ನು ಓದಿ ಮುಗಿಸಿ ಮತ್ತೆ ಬಂದಳು. ಬಂದವಳನ್ನು ಲಗಮಣ್ಣ ಬಸ್ ಸ್ಟ್ಯಾಂಡಿನಿಂದ ನೇರವಾಗಿ ಹಣಮಪ್ಪನ ಗುಡಿಯ ಕಟ್ಟೆಗೆ ಕರೆದೊಯ್ದ. ಅಲ್ಲಿ ಊರ ಹಿರಿಯ ಶಿದ್ಲಿಂಗಪ್ಪ ಗೌಡನಿಂದ ಹಿಡಿದು ಎಲ್ಲ ಪಂಚರೂ ಕುಳಿತಿದ್ದರು. ಒಂದು ಕಡೆ ಮೇಲಿನ ಓಣಿ, ಇನ್ನೊಂದು ಕಡೆ ಅಲ್ಲಪ್ಪನನ್ನು ಮುಂದಿಟ್ಟುಕೊಂಡು ಕೆಳಗಿನ ಓಣಿ. ಊರಿಗೆ ತಿಳಿವಳಿಕೆ ಹೇಳಲು ಕರೆದಿದ್ದಾರೆಂದು ಹುಡುಗಿ ತಿಳಿದಿದ್ದಳು. ತಾನು ಸಾಕ್ಷಿಯೆಂಬುದು ಅವಳಿಗೆ ಗೊತ್ತೇ ಇರಲಿಲ್ಲ.

"ಎಲ್ಲಾಕಿಂತ ಕೆಳಗಿನ ಮಣ್ಣಿನ್ಯಾಗ ಇದ್ದಲಿ ದಪ್ಪ ದಪ್ಪ ಪದರ ಐತ್ರಿ, ಆದ್ರ ಬಿಟ್ಟ ಬಿಟ್ಟು ಐತಿ," ಎಂದು ಅವಳು ಶುರು ಮಾಡಿದಳು. "ಆವಾಗ ಇಲ್ಲಿ ಮಂದಿ ಇದ್ದ ಗುರುತಿಲ್ಲ, ಬೆಳಿ ಬೆಳದ ಗುರುತಿಲ್ಲ. ಕೆಲವು ವರ್ಷ ಛಲೋ ಮಳಿ ಆಗಿ ಹುಲ್ಲು ಪೊದಿ ಎಲ್ಲಾ ಎದ್ದ ನಿಲ್ಲೂದು. ಆಮ್ಯಾಲ ಬರ ಬಿದ್ದು ಒಣಗೂದು. ಸಿಡ್ಲ ಬಡದು ಗುಡ್ಡಕ್ಕ ಗುಡ್ಡಾನ ಸುಡೂದು."

"ಅದರ ಮ್ಯಾಲಿಂದ ಹೇಳ್ರಿ ಬಾಯಾರ," ಎಂದ ಲಗಮಣ್ಣ. ಸಿಡಿಲಿನ ಕತೆ ಅವನಿಗೆ ಬೇಕಾಗಿರಲಿಲ್ಲ.

"ಮ್ಯಾಲ ಬಂದಂಗ ಇದ್ದಲಿ ಸಣ್ಣಾಗತೈತಿ, ಆದ್ರ ಎಲ್ಲಾ ಪದರಿನ್ಯಾಗೂ ಐತಿ. ಅದರ ಜೋಡಿ ಸಾವಿ, ಜ್ವಾಳ ಬೆಳದ ಗುರುತೂ ಸಿಗತೈತಿ. ಅಂದ್ರ ಮಂದಿ ಬಂದ್ರು. ವರ್ಷಾ ಇಷ್ಟಿಷ್ಟ ಸುಟ್ರು. ಸುಡಾಕ ಬಾಳ ಉಳೀಲಿಲ್ಲ ಅಂತ ದೊಡ್ಡ ಬೆಂಕಿ ನಿಂತ್ವು."

ಲಗಮಣ್ಣ ಎದ್ದು ನಿಂತ. ಇದೇ ಗಳಿಗೆಗಾಗಿ ಅವನು ಒಂದು ಬೇಸಿಗೆಯ ಮಜ್ಜಿಗೆ ಹೊತ್ತಿದ್ದ. "ಮಂದಿ ಅಂದ್ರ ಯಾರ ಮನಿ ಮಂದಿ? ಪಂಚರ ಮುಂದ ಬಿಚ್ಚಿ ಹೇಳ್ರಿ."

ಹುಡುಗಿ ಅವನ ಮುಖ ನೋಡಿದಳು, ಅಲ್ಲಪ್ಪನ ಮುಖ ನೋಡಿದಳು. ಅವಳಿಗೆ ಈಗ ತಿಳಿಯಿತು. "ಇದ್ದಲಿಗೆ ಹೆಸರ ಇರಂಗಿಲ್ಲ ಕಾಕಾ," ಎಂದಳು ಮೆಲ್ಲಗೆ.

"ಕೇಳಿದ್ರಿಲ್ಲ? ಅವರ ಮನಿದಲ್ಲ ಅಂತಾತು," ಎಂದ ಅಲ್ಲಪ್ಪ.

"ನಿಮ್ಮ ಮನಿದಂತನೂ ಅಲ್ಲಲ್ಲ," ಎಂದ ಗೌಡ.

"ಹಂಗಾರ ಮೊದಲನೇ ಮಾನ ಸಿಡ್ಲಿಂದು," ಎಂದು ಹಿಂದಿನಿಂದ ಯಾರೋ ಅಂದರು. ಹೆಂಗಸರು ಕುಳಿತ ಕಡೆಯಿಂದ ತಾಯವ್ವನ ಧ್ವನಿ ಬಂತು: "ಹಂಗಾರ ಸಿಡ್ಲಿಗೇ ಪಟಗಾ ಸುತ್ರಿ." ಕಟ್ಟೆಯೆಲ್ಲ ನಕ್ಕಿತು. ಲಗಮಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಶುಭಾಂಗಿಗೆ ಇನ್ನೊಂದು ಮಾತು ಹೇಳುವುದಿತ್ತು. ಮಣ್ಣಿನ ಎಲ್ಲಕ್ಕಿಂತ ಮೇಲಿನ ತೆಳುವಾದ ಪದರದಲ್ಲಿ, ಅಂದರೆ ಈಚಿನ ವರ್ಷಗಳದ್ದರಲ್ಲಿ, ಇದ್ದಲಿಯೇ ಇಲ್ಲ. ಇದು ಒಳ್ಳೆಯದೆಂದು ತಿಳಿಯಬೇಡಿ, ಗುಡ್ಡದ ಮೇಲೆ ಸುಡುವ ಒಣಹುಲ್ಲು, ಪೊದೆ ಕೂಡಿಕೊಳ್ಳುತ್ತಿದೆ, ದೊಡ್ಡ ಮಳೆಯಾಗಿ ಅದರ ಹಿಂದೆ ಒಣ ಬೇಸಿಗೆ ಬಂದರೆ ಕೆಳಗಿನ ಪದರದ ಹಾಗೆ ಆದೀತು, ಇಲಾಖೆಯವರನ್ನು ಕೂಡಿಸಿಕೊಂಡು ಹುಲ್ಲನ್ನಾದರೂ ಕೊಯ್ಯಿಸಿ ಎಂದಳು. ಆದರೆ ಅಷ್ಟರಲ್ಲಿ ಪಂಚರು ಮಾನವನ್ನು ಹೇಗೆ ಹಂಚುವುದೆಂಬ ಚರ್ಚೆಗೆ ಬಿದ್ದಿದ್ದರು. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ತಲೆಯನ್ನಾದರೂ ಆಡಿಸುತ್ತದೆ. ಇವರು ಅದನ್ನೂ ಮಾಡಲಿಲ್ಲ. ಒಂದು ವರ್ಷ ಲಗಮಣ್ಣ, ಒಂದು ವರ್ಷ ಅಲ್ಲಪ್ಪ ಎಂದು ಗೌಡ ತೀರ್ಪು ಕೊಟ್ಟ.

ಹೀಗೆ ಮುಷ್ಟಿ ಹುಲ್ಲಿನಲ್ಲಿ ಅರ್ಧ ಮುಷ್ಟಿ ಹೋಯಿತು. ಆ ವರ್ಷದ ಹೋಳಿ ಲಗಮಣ್ಣನದು, ಬರಗಾಲದಲ್ಲಿ ನೋಡುವವರೂ ಇಲ್ಲದೆ ಮುಗಿಯಿತು. ಮರುವರ್ಷ ಅಲ್ಲಪ್ಪನ ಸರದಿ. ಅವನು ಗೋಕಾಕದಿಂದ ಬ್ಯಾಂಡ್ ತರಿಸಿದ. ಟ್ರ್ಯಾಕ್ಟರಿಗೆ ಮಾವಿನ ತೋರಣ ಕಟ್ಟಿದ. ಹಾಸುಗಲ್ಲಿನ ಮುಂದೆ ಫೋಟೊ ತೆಗೆಸಿ, ಕಟ್ಟು ಹಾಕಿಸಿ, ಪಡಸಾಲೆಯಲ್ಲಿ ದೇವರ ಫೋಟೊಗಳ ಸಾಲಿನಲ್ಲಿ ತೂಗುಹಾಕಿದ. ಲಗಮಣ್ಣ ಆ ದಿನ ಮನೆಯಿಂದ ಹೊರಗೆ ಬರಲಿಲ್ಲ. ಬ್ಯಾಂಡಿನ ಸಪ್ಪಳ ಗೋಡೆ ದಾಟಿ ಬಂದಾಗ ಕಂಬಳಿ ಹೊದ್ದು ಮಲಗಿದ. ಅವನು ಅತ್ತದ್ದನ್ನು ತಾಯವ್ವ ನೋಡಿದಳು. ಅಷ್ಟು ವರ್ಷದಲ್ಲಿ ಅವಳು ಆಡಬಹುದಾಗಿದ್ದ ಮಾತನ್ನು ನುಂಗಿದ್ದು ಅದೊಂದೇ ಸಲ.

ಆ ಮಳೆಗಾಲ ಮುಗಿಲು ಹರಿದುಬಿತ್ತು. ಘಟಪ್ರಭಾ ಉಕ್ಕಿ ದಂಡೆ ಮೇಲಿನ ಹೊಲಗಳನ್ನೆಲ್ಲ ನುಂಗಿತು. ಹಿರೇಹೊಂಡ ತುಂಬಿ ಕೋಡಿ ಹರಿಯಿತು. ಗುಡ್ಡದ ಮೇಲೆ ಹುಲ್ಲು ಎದೆಮಟ್ಟ ಬಂತು, ಲಂಟಾನದೊಳಗೆ ನಾಯಿ ಸಹ ನುಗ್ಗದಂತಾಯಿತು. ಆಮೇಲೆ ದೀಪಾವಳಿ ದಾಟಿ ಒಂದು ಹನಿ ಬೀಳಲಿಲ್ಲ. ಹುಲ್ಲೆಲ್ಲ ನಿಂತಲ್ಲೇ ಒಣಗಿತು. ಲಗಮಣ್ಣ ಅದನ್ನು ದಿನಾ ನೋಡುತ್ತಿದ್ದ, ಆದರೆ ಅವನ ತಲೆಯಲ್ಲಿದ್ದದ್ದು ಅಲ್ಲಪ್ಪನ ಬ್ಯಾಂಡು.

ತನ್ನ ಸರದಿಗೆ ಅವನು ಬ್ಯಾಂಡನ್ನಲ್ಲ, ದೊಡ್ಡ ಮನುಷ್ಯನನ್ನೇ ಕರೆಸಿದ. ಹುಕ್ಕೇರಿಯಲ್ಲಿ ಒಂದು ಕಾಲಕ್ಕೆ ಚುನಾವಣೆ ಗೆದ್ದು, ಈಗ ಸೋತು, ಮತ್ತೆ ಗೆಲ್ಲುವ ಆಸೆಯಲ್ಲಿ ಕರೆದಲ್ಲೆಲ್ಲ ಬರುತ್ತಿದ್ದ ಒಬ್ಬ ಸಾಹೇಬರು. ಹೋಳಿಯ ಮರುದಿನ ಅವರು ಮೂಡಲಗಿಯಲ್ಲಿ ಒಂದು ಅಂಗಡಿಯ ಉದ್ಘಾಟನೆ ಮುಗಿಸಿ ಬರುವುದಾಗಿ ಹೇಳಿದ್ದರು.

ಬೆಳಗಾಯಿತು. ಪಟಗಾ ಸುತ್ತಿ, ಬೋಕಿಯಲ್ಲಿ ಕೆಂಡ ಹಿಡಿದು, ಲಗಮಣ್ಣ ಗುಡ್ಡದ ಬುಡಕ್ಕೆ ಹೋದ. ಗಾಳಿ ಮಲಗಿತ್ತು, ಹುಲ್ಲಿನ ಮೇಲೆ ತೇವವಿತ್ತು. ಸಾಹೇಬರು ಇರಲಿಲ್ಲ. ಬಿಸಿಲು ಏರಿತು. ಕೆಂಡ ಆರಬಾರದೆಂದು ತಾಯವ್ವ ಸೆಗಣಿಯ ಕುಳ್ಳಿನ ಚೂರು ಹಾಕುತ್ತ ಕುಳಿತಳು.

"ಹುಲ್ಲ ಸುಟ್ಟ ಬಿಡ್ರಿ. ಸಾಹೇಬ್ರು ಬಂದ್ರ ಬೂದಿಗೇ ಕೈ ಮುಗೀತಾರ," ಎಂದಳು.

"ಸುಮ್ಮ ಕುಂದ್ರು."

"ಗಾಳಿ ಏಳಾಕತ್ತೈತಿ. ನಿಮ್ಮ ಅಪ್ಪ ಎಂದರ ಇಷ್ಟ ಹೊತ್ತ ಮಾಡಿದ್ದನೇನ?"

"ನಮ್ಮಪ್ಪಗ ಅಲ್ಲಪ್ಪನಂತಾಂವ ಗಂಟ ಬಿದ್ದಿದ್ದಿಲ್ಲ."

ಸಾಹೇಬರ ಜೀಪು ಬಂದಾಗ ನೆರಳು ಕಾಲಡಿಗೆ ಬಂದಿತ್ತು. ಹಾರ ಆಯಿತು, ಭಾಷಣ ಆಯಿತು, ಚುರಮುರಿ ಸುಸಲಾ, ಮಿರ್ಚಿ ಆಯಿತು. ಮಿರ್ಚಿ ತಿಂದ ಸಾಹೇಬರಿಗೆ ನೀರಡಿಕೆಯಾಯಿತು, ಅವರ ಹಿಂದೆ ಬಂದವರಿಗೂ ಆಯಿತು. ಹತ್ತಿರ ಇದ್ದದ್ದು ಶಿದ್ರಾಮನ ಕೊಡ. ಕುಡಿದು ಉಳಿದದ್ದರಲ್ಲಿ ಕೈ ತೊಳೆದರು. ಇಷ್ಟು ವರ್ಷ ಬೆಂಕಿಗೆಂದು ನಿಂತಿದ್ದ ನೀರು ಹೀಗೆ ದೊಡ್ಡವರ ಸೇವೆಯಲ್ಲಿ ಸಾರ್ಥಕವಾಯಿತು. ಶಿದ್ರಾಮ ಖಾಲಿ ಕೊಡ ಹಿಡಿದು ಹೊಂಡದ ಕಡೆ ಹೊರಟ.

ಅವನು ಬರುವವರೆಗೆ ಕಾಯಬಹುದಿತ್ತು. ಆದರೆ ಸಾಹೇಬರು ಗಡಿಯಾರ ನೋಡಿದರು. ಲಗಮಣ್ಣ ಮುಷ್ಟಿ ಹುಲ್ಲಿಗೆ ಕೆಂಡ ಮುಟ್ಟಿಸಿದ. ಫೋಟೊ ತೆಗೆಯುವವನು, "ಹಗಲಿಗೆ ಉರಿ ಕಾಣವಲ್ದು, ಇನ್ನೊಂದಿಷ್ಟ ಹಾಕ್ರಿ ಅಜ್ಜಾರ," ಎಂದ. ಕಾಣಲಾರದ ಬೆಂಕಿಯ ಫೋಟೊ ಅಲ್ಲಪ್ಪನ ಫೋಟೊದ ಮುಂದೆ ಏನು ಚಂದ? ಲಗಮಣ್ಣ ತಿರುಗಿ ಬುಡದಲ್ಲಿದ್ದ ಒಣಹುಲ್ಲನ್ನು ತೆಕ್ಕೆ ತುಂಬ ಕಿತ್ತು ತಂದು ಕಲ್ಲಿನ ಮೇಲೆ ಹಾಕಿದ. ಉರಿ ಎದ್ದಿತು. ಫೋಟೊ ಚಂದ ಬಂತಂತೆ. ಅದೇ ಹೊತ್ತಿಗೆ ಬೀಸಿದ ಗಾಳಿ ಉರಿಯುವ ಹುಲ್ಲಿನ ಒಂದು ಹಿಡಿಯನ್ನು ಎತ್ತಿ ಬೋರ್ಡಿನ ಆಚೆ ಇಟ್ಟಿತು.

ಆಮೇಲೆ ಯಾರೂ ಯಾರ ಮಾತನ್ನೂ ಕೇಳಲಿಲ್ಲ. ಬೆಂಕಿ ಏರು ಹತ್ತುವಾಗ ಓಡುತ್ತದೆ, ಇದು ಹಾರಿತು. ಲಂಟಾನ ಹಸಿ ಇದ್ದರೂ ಎಣ್ಣೆ ಹಚ್ಚಿದಂತೆ ಉರಿಯಿತು. ಮೊದಲು ಜಾಗ ಬಿಟ್ಟದ್ದು ಸಾಹೇಬರ ಜೀಪು. ಗೌಜಿಗ ಹಕ್ಕಿಗಳು ಹೊಗೆಯಿಂದ ಎದ್ದು ಹೊಗೆಯಲ್ಲೇ ಬಿದ್ದವು. ಮೊಲಗಳು ಜನರ ಕಾಲುಗಳ ನಡುವೆಯೇ ಓಡಿದವು. ತಾಯವ್ವ ಸೆರಗು ಬಾಯಿಗೆ ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು. ಸ್ವಲ್ಪ ಹೊತ್ತಿಗೆ ಗಾಳಿ ಮುಖ ತಿರುಗಿಸಿತು, ಉರಿ ಊರ ಹಿತ್ತಲಿನ ಬಣವೆಗಳ ಕಡೆ ಇಳಿಯತೊಡಗಿತು.

ಲಗಮಣ್ಣ ಪಟಗಾ ಸುತ್ತಿಕೊಂಡು ನಿಂತೇ ಇದ್ದ. ಬೆಂಕಿ ಹಚ್ಚುವ ಮನೆತನದ ಹಿರಿಯನಿಗೆ ಬೆಂಕಿ ಆರಿಸಲು ಬರುತ್ತಿರಲಿಲ್ಲ. ಅವನ ಅಪ್ಪನಿಗೂ ಬರುತ್ತಿರಲಿಲ್ಲ. ಆ ವಿದ್ಯೆ ಅವರ ಬೆನ್ನ ಹಿಂದೆ ನಡೆಯುತ್ತಿತ್ತು, ಅವರು ಎಂದೂ ಹಿಂದಿರುಗಿ ನೋಡಿರಲಿಲ್ಲ.

ಅಷ್ಟರಲ್ಲಿ ಕೆಳಗಿನ ಓಣಿಯಿಂದ ಅಲ್ಲಪ್ಪ ಬಂದ, ಅವನ ಹಿಂದೆ ಓಣಿಯ ಗಂಡಸರು, ಹೆಂಗಸರು. "ಲಕ್ಕಿ ಟೊಂಗಿ ಕಡೀರಿ. ಗೋಣಿಚೀಲ ನೀರಾಗ ತೋಯ್ಸ್ರಿ. ಬದುವಿಗೆ ಸಾಲ ಹಿಡೀರಿ," ಎನ್ನುತ್ತ ನಡೆದ. ಟ್ರ್ಯಾಕ್ಟರು ಬಂದ ಮೇಲೆ ಮರೆತಿದ್ದ ಕೆಲಸ ಅವನ ಕೈಗಳಿಗೆ ನೆನಪಿತ್ತು.

"ನಾ ಎಲ್ಲಿ ನಿಲ್ಲಲೋ?" ಎಂದ ಲಗಮಣ್ಣ.

"ನನ್ನ ಹಿಂದ."

ಲಗಮಣ್ಣ ಪಟಗಾ ಬಿಚ್ಚಿದ. ದನ ನೀರು ಕುಡಿಯುವ ದೋಣಿಯಲ್ಲಿ ಅದ್ದಿ, ಹಿಂಡದೆ, ಅಲ್ಲಪ್ಪನ ಹಿಂದೆ ನಿಂತು ಬೆಂಕಿಗೆ ಬಡಿದ. ಕೈ ಬೊಬ್ಬೆ ಬಂದು ಒಡೆಯುವವರೆಗೆ ಬಡಿದ. ಊರು ಉಳಿಯಿತು. ಅಂಚಿನ ಬಣವೆಗಳು ಹೋದವು, ಲಗಮಣ್ಣನದೂ ಹೋಯಿತು. ಗುಡ್ಡದಲ್ಲಿ ಕಲ್ಲು ಬಿಟ್ಟು ಏನೂ ಉಳಿಯಲಿಲ್ಲ.

ಎರಡು ದಿನ ಬಿಟ್ಟು ಮೇಲಿನ ಅಧಿಕಾರಿಯೊಬ್ಬರು ವಿಚಾರಣೆಗೆ ಬಂದರು. ಅದೇ ಹಣಮಪ್ಪನ ಕಟ್ಟೆ, ಅದೇ ಪಂಚರು. "ಈ ಊರಾಗ ಬೆಂಕಿ ಹಚ್ಚೋ ಹಕ್ಕು ಯಾರದು?" ಎಂದು ಕೇಳಿದರು. ಅಂಥ ಪ್ರಶ್ನೆ ಕೇಳಿದರೆ ಸಾಕು, ಎರಡು ಓಣಿಗಳೂ ಅಂಗಿ ಹರಿದುಕೊಳ್ಳುತ್ತಿದ್ದ ಕಾಲವಿತ್ತು.

"ಅಲ್ಲಪ್ಪನವರ ಮನಿದೂ ಸಮಸಮಾ ಪಾಲ ಐತ್ರಿ," ಎಂದ ಲಗಮಣ್ಣ.

"ಛೇ ಛೇ, ತಲತಲಾಂತರದಿಂದ ಅವರದ ಐತ್ರಿ. ನಾವು ಬರೇ ಆರಸಾವ್ರು," ಎಂದ ಅಲ್ಲಪ್ಪ. ಅವನ ಪಡಸಾಲೆಯ ಗೋಡೆಯ ಮೇಲೆ ಫೋಟೊ ಇದ್ದ ಜಾಗದಲ್ಲಿ ಆ ಬೆಳಿಗ್ಗೆಯಿಂದ ಬರೀ ಮೊಳೆ ಇತ್ತು.

"ಹಂಗಾರ ಹಚ್ಚಿದವರು ಯಾರು?"

ಶಿದ್ರಾಮ ನೆಲ ನೋಡಿದ. ಅವನ ನೌಕರಿಯೂ ಆ ಬೂದಿಯಲ್ಲೇ ಇತ್ತು. ಗೌಡ ಮೇಲಕ್ಕೆ ಕೈ ತೋರಿಸಿದ. "ಸಿಡ್ಲರಿ," ಎಂದ. ಫಾಲ್ಗುಣದ ಆಕಾಶದಲ್ಲಿ ಒಂದು ಮೋಡವಿರಲಿಲ್ಲ. "ಯಮಕನಮರಡಿ ಆದಿನಾಥ ಅಣ್ಣಾರ ಮಗಳು ಇದ ಕಟ್ಟಿ ಮ್ಯಾಲ ಹೇಳಿ ಹೋಗ್ಯಾಳ. ಈ ಗುಡ್ಡಕ್ಕ ಮೊದಲಿಂದ ಬೆಂಕಿ ಹಚ್ಚಾವ ಸಿಡ್ಲ. ಕೇಳ್ರಿ ಬೇಕಾರ."

ಊರೆಲ್ಲ ತಲೆಯಾಡಿಸಿತು. ಹುಡುಗಿಯ ಮಾತನ್ನು ಇಷ್ಟು ಮನಸ್ಸಿಟ್ಟು ಕೇಳಿದ್ದರೆಂದು ಅಂದಿನವರೆಗೆ ಯಾರಿಗೂ ಗೊತ್ತಿರಲಿಲ್ಲ. ಅಧಿಕಾರಿ ಎಲ್ಲರ ಮುಖ ನೋಡಿ, ಕೊನೆಗೆ ಲಗಮಣ್ಣನನ್ನು ಖರೆಯೇ ಎಂದು ಕೇಳಿದರು. ಅಜ್ಜ ಮುತ್ತಜ್ಜರಿಂದ ಬಂದ ಮಾನವನ್ನು, ಠಾಣೆಯ ಕಟ್ಟೆಯ ಮೇಲೆ ಕುಳಿತೂ ಬಿಟ್ಟುಕೊಡದ ಮಾನವನ್ನು, ಲಗಮಣ್ಣ ಆ ದಿನ ಸಿಡಿಲಿಗೆ ಬಿಟ್ಟುಕೊಟ್ಟ. "ಖರೆ ಐತ್ರಿ," ಎಂದ. ಸುಟ್ಟ ಕೈಗಳನ್ನು ಬೆನ್ನ ಹಿಂದೆ ಹಿಡಿದುಕೊಂಡಿದ್ದ.

ಮಳೆಗಾಲ ಶುರುವಾದ ಮೇಲೆ ಶುಭಾಂಗಿ ಒಮ್ಮೆ ಬಂದಳು. ಹಿರೇಹೊಂಡದ ದಂಡೆಯಲ್ಲಿ ಲಗಮಣ್ಣ ಎತ್ತು ಬಿಟ್ಟುಕೊಂಡು ಕುಳಿತಿದ್ದ. ಬೋಳು ಗುಡ್ಡದಿಂದ ಇಳಿದ ನೀರು ಕಪ್ಪಗೆ, ದಪ್ಪಗೆ ಹೊಂಡ ಸೇರುತ್ತಿತ್ತು.

"ಸಿಡ್ಲ ಬಡೀತಂತ ಕೇಳಿದ್ನಿ ಕಾಕಾ," ಎಂದಳು.

ಅವನು ನೀರಿನ ಕಡೆ ತಿರುಗಿದ. "ಸಿಡ್ಲಲ್ಲ ತಂಗಿ. ನಾನ." ಆಮೇಲೆ ಕೇಳಿದ, "ಇದರಾಗ ನನ್ನ ಹೆಸರ ಬರಂಗಿಲ್ಲಲ್ಲ?"

"ಇದ್ದಲಿಗೆ ಹೆಸರ ಇರಂಗಿಲ್ಲ ಕಾಕಾ."

ಎರಡು ವರ್ಷದ ಹಿಂದೆ ಇದೇ ಮಾತು ಅವನ ಮಾನ ಕಳೆದಿತ್ತು. ಈಗ ಉಳಿಸಿತು. ಅವನಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ.

"ಮುಂದ ಯಾರರ ನಿನ್ನಂಗ ಕೊಳವಿ ಇಳಿಸಿದ್ರ, ಏನಂತ ಓದ್ತಾರ?"

ಹುಡುಗಿ ಸುಳ್ಳು ಹೇಳಲಿಲ್ಲ. "ಬಾಳ ಮಳಿ ಆಗಿತ್ತು, ಅದರ ಹಿಂದ ಒಣ ಬ್ಯಾಸಗಿ ಬಂತು, ಹುಲ್ಲ ಬಾಳ ಇತ್ತು, ಎಲ್ಲಾ ಸುಟ್ಟಿತು ಅಂತ ಓದ್ತಾರ. ಎಲ್ಲಾಕಿಂತ ಕೆಳಗಿನ ಪದರ ಹೆಂಗೈತಿ, ಇದೂ ಹಂಗ ಕಾಣತೈತಿ ಕಾಕಾ. ಆವಾಗ ಇಲ್ಲಿ ಮಂದಿ ಇದ್ದಿದ್ದಿಲ್ಲ ಅಂತ ತಿಳಕೊಂಡ್ರೂ ತಿಳಕೊಂಡ್ರು."

"ಇದ್ವಿ," ಎಂದ ಲಗಮಣ್ಣ. "ಎಲ್ಲಾರೂ ಇದ್ವಿ. ಸಾಹೇಬ್ರ ದಾರಿ ನೋಡಕೋಂತ ಕುಂತಿದ್ವಿ."

ಮತ್ತೆ ಮಳೆ ಹನಿಯತೊಡಗಿತು. ಅವನು ಎತ್ತು ಹೊಡೆದುಕೊಂಡು ಮನೆಯ ಕಡೆ ನಡೆದ.